ಹನುಮಲಾಪುರದ ಬಂಡೆ ಮತ್ತು ಪಲ್ಲಾಡಿಯಂ: ಖನಿಜವನ್ನು ವರ್ಗ ಮಾಡೋದು ಹೇಗೆ?

ಬಸವಾಪಟ್ಟಣ, ಸಂತೆಬೆನ್ನೂರು, ಸೂಳೆಕೆರೆ ಅಂದ್ರೆ ನಮಗೆ ನೆನಪಾಗೋದು ಕೋಟೆ, ಪುಷ್ಕರಿಣಿ, ಅಡಿಕೆ ತೋಟ. ಅದೇ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಹೆಸರು ಭೂವಿಜ್ಞಾನಿಗಳಿಗೆ ಬೇರೆ ಕಾರಣಕ್ಕೆ ಗೊತ್ತು. ಇಲ್ಲಿನ ಪದರ ಪದರವಾದ ಅಗ್ನಿಶಿಲೆಯಲ್ಲಿ ಪ್ಲಾಟಿನಂ ಗುಂಪಿನ ಲೋಹಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ.ಸಿ. ದೇವರಾಜು ಮತ್ತು ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು ಈ ಬಗ್ಗೆ 2008ರಲ್ಲಿ ಪ್ರಬಂಧ ಪ್ರಕಟಿಸಿದರು. ಈ ಶಿಲೆಯ ವಯಸ್ಸು 250 ಕೋಟಿ ವರ್ಷಕ್ಕಿಂತ ಹೆಚ್ಚು.

"ಹಾಗಾದ್ರೆ ಗಣಿ ಶುರು ಮಾಡಬಹುದಲ್ಲ?" ಅಂತ ಕೇಳೋರಿದ್ದಾರೆ. ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ಪಲ್ಲಾಡಿಯಂ ಅಲ್ಲಿ ಯಾವ ಖನಿಜದ ರೂಪದಲ್ಲಿ ಕೂತಿದೆ?

ಲೋಹ ಬೇರೆ, ಖನಿಜ ಬೇರೆ

ಪಲ್ಲಾಡಿಯಂ ಒಂದು ಮೂಲಧಾತು, ಪರಮಾಣು ಸಂಖ್ಯೆ 46. ಖನಿಜ ಅಂದರೆ ನಿರ್ದಿಷ್ಟ ರಾಸಾಯನಿಕ ರಚನೆ ಮತ್ತು ನಿರ್ದಿಷ್ಟ ಹರಳಿನ ಜೋಡಣೆ ಎರಡೂ ಇರುವ ವಸ್ತು. ಇಂಥ ಶಿಲೆಗಳಲ್ಲಿ ಪಲ್ಲಾಡಿಯಂ ಶುದ್ಧ ಲೋಹವಾಗಿ ಸಿಗೋದು ಅಪರೂಪ. ಅದು ಹೆಚ್ಚಾಗಿ ಟೆಲ್ಲುರಿಯಂ, ಬಿಸ್ಮತ್, ಆಂಟಿಮನಿ, ಆರ್ಸೆನಿಕ್ ಅಥವಾ ಗಂಧಕದ ಜೊತೆ ಸೇರಿಕೊಂಡಿರುತ್ತೆ.

ಯಾಕೆ ಹೀಗೆ? ಅಡಿಕೆ ಬೇಯಿಸುವಾಗ ಚೊಗರು ಆಗೋದನ್ನ ನೋಡಿರ್ತೀರಿ. ಅದೇ ನೀರಲ್ಲಿ ಮತ್ತೆ ಮತ್ತೆ ಬೇಯಿಸಿದಷ್ಟೂ ನೀರು ಗಟ್ಟಿಯಾಗ್ತಾ ಹೋಗುತ್ತೆ. ಶಿಲಾಪಾಕದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಮೊದಲು ಗಂಧಕದ ದ್ರವ ಬೇರೆಯಾಗಿ ಪಲ್ಲಾಡಿಯಂ ಅನ್ನು ತನ್ನೊಳಗೆ ಎಳೆದುಕೊಳ್ಳುತ್ತೆ. ಆ ದ್ರವ ತಣಿಯುವಾಗ ಮೊದಲು ಹುಟ್ಟುವ ಕಬ್ಬಿಣ-ನಿಕ್ಕಲ್ ಹರಳುಗಳಲ್ಲಿ ಪಲ್ಲಾಡಿಯಂಗೆ ಸರಿಯಾಗಿ ಜಾಗ ಸಿಗಲ್ಲ. ಹೀಗಾಗಿ ಉಳಿದ ದ್ರವದಲ್ಲಿ ಪಲ್ಲಾಡಿಯಂ, ಟೆಲ್ಲುರಿಯಂ, ಬಿಸ್ಮತ್ ಮೂರೂ ಒಟ್ಟಿಗೆ ಹೆಚ್ಚಾಗ್ತಾ ಹೋಗಿ, ಕೊನೆಗೆ ತಮ್ಮದೇ ಖನಿಜ ಕಟ್ಟುತ್ತವೆ.

ಎರಡು ಮಾದರಿಗಳು

ಜಗತ್ತಿನ ಹಲವು ಕಡೆ ಇಂಥ ಶಿಲೆಗಳಲ್ಲಿ ಸಿಗುವ ಎರಡು ಖನಿಜ ತಗೊಳ್ಳೋಣ.

1. ಕೋಟುಲ್ಸ್ಕೈಟ್: ಒಂದು ಪಲ್ಲಾಡಿಯಂಗೆ ಒಂದು ಟೆಲ್ಲುರಿಯಂ. ಷಟ್ಕೋನ ವ್ಯವಸ್ಥೆ. ರಷ್ಯಾದ ಭೂವಿಜ್ಞಾನಿ ಕೋಟುಲ್ಸ್ಕಿ ಅವರ ಹೆಸರು.

2. ಮೆರೆನ್‌ಸ್ಕೈಟ್: ಒಂದು ಪಲ್ಲಾಡಿಯಂಗೆ ಎರಡು ಟೆಲ್ಲುರಿಯಂ. ತ್ರಿಕೋನ ವ್ಯವಸ್ಥೆ. ದಕ್ಷಿಣ ಆಫ್ರಿಕಾದ ಹಾನ್ಸ್ ಮೆರೆನ್‌ಸ್ಕಿ ಅವರ ಹೆಸರು, 1966ರಲ್ಲಿ ವಿವರಿಸಲಾಯಿತು.

ಎರಡೂ ಅಪಾರದರ್ಶಕ, ಎರಡಕ್ಕೂ ಲೋಹದ ಹೊಳಪು, ಸಾಂದ್ರತೆ ನೀರಿನ 8 ಪಟ್ಟಿಗಿಂತ ಜಾಸ್ತಿ. ಬರಿಗಣ್ಣಲ್ಲಿ ವ್ಯತ್ಯಾಸ ಹೇಳೋಕಾಗಲ್ಲ. ಕಣಗಳು ಸಾಮಾನ್ಯವಾಗಿ ಕೆಲವೇ ಮೈಕ್ರಾನ್ ಇರೋದರಿಂದ ಪ್ರತಿಫಲಿತ ಬೆಳಕಿನ ಸೂಕ್ಷ್ಮದರ್ಶಕ ಮತ್ತು ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಬೇಕೇ ಬೇಕು.

ಒಳರಚನೆಯ ಸಂಬಂಧ ಚೆನ್ನಾಗಿದೆ. ಕೋಟುಲ್ಸ್ಕೈಟ್‌ನಲ್ಲಿ ಟೆಲ್ಲುರಿಯಂ ಪದರಗಳ ನಡುವೆ ಪ್ರತಿಸಲವೂ ಒಂದು ಪಲ್ಲಾಡಿಯಂ ಪದರ ಇರುತ್ತೆ. ಒಂದು ಬಿಟ್ಟು ಒಂದು ಪಲ್ಲಾಡಿಯಂ ಪದರವನ್ನು ತೆಗೆದುಬಿಟ್ಟರೆ ಮೆರೆನ್‌ಸ್ಕೈಟ್ ಮಾದರಿಯ ಜೋಡಣೆ ಉಳಿಯುತ್ತೆ.

ವರ್ಗೀಕರಣ

ಸ್ಟ್ರುಂಜ್ ಪದ್ಧತಿಯಲ್ಲಿ ಶುದ್ಧ ಲೋಹಗಳು 1ನೇ ವರ್ಗ. ಸಲ್ಫೈಡ್‌ಗಳು 2ನೇ ವರ್ಗ. ಟೆಲ್ಲುರೈಡ್‌ಗಳೂ ಇದರಲ್ಲೇ ಬರುತ್ತವೆ. ಒಳಗಿನ ವಿಂಗಡಣೆ ಲೋಹ ಮತ್ತು ಅಲೋಹದ ಅನುಪಾತದ ಮೇಲೆ. 1:1 ಇರುವ ಕೋಟುಲ್ಸ್ಕೈಟ್ ನಿಕ್ಕಲೈಟ್ ಗುಂಪಿಗೆ, 1:2 ಇರುವ ಮೆರೆನ್‌ಸ್ಕೈಟ್ ಮೆಲೊನೈಟ್ ಗುಂಪಿಗೆ ಸೇರುತ್ತೆ.

ಇನ್ನೊಂದು ನಿಯಮ ಇದೆ. ಮೆರೆನ್‌ಸ್ಕೈಟ್‌ನಲ್ಲಿ ಪಲ್ಲಾಡಿಯಂ ಜಾಗಕ್ಕೆ ಪ್ಲಾಟಿನಂ ಬರಬಹುದು. ಆ ಜಾಗದಲ್ಲಿ ಪ್ಲಾಟಿನಂ ಪರಮಾಣುಗಳೇ ಹೆಚ್ಚಾದರೆ ಹೆಸರು ಮಾಂಚೈಟ್ ಅಂತ ಬದಲಾಗುತ್ತೆ. ಅಂದ್ರೆ ಹೆಸರು ಕೊಡೋದು ಬಹುಮತದ ಲೆಕ್ಕದಲ್ಲಿ.

ಎಂಜಿನಿಯರಿಗೆ ಇದರಿಂದ ಏನು?

ಒಂದು ಟನ್ ಬಂಡೆಯಲ್ಲಿ 1 ಗ್ರಾಂ ಪಲ್ಲಾಡಿಯಂ ಇದೆ ಅಂತ ಇಟ್ಕೊಳ್ಳಿ. 20 ಟನ್ನಿನ ಒಂದು ಲಾರಿ ಲೋಡಿನಲ್ಲಿ 20 ಗ್ರಾಂ, ಅಂದ್ರೆ ಎರಡು ಘನ ಸೆಂಟಿಮೀಟರ್‌ಗಿಂತಲೂ ಕಡಿಮೆ. ಅದು ಕೂಡ ಮೈಕ್ರಾನ್ ಗಾತ್ರದ ಕಣಗಳಲ್ಲಿ ಚದುರಿರುತ್ತೆ. ಕಣ ತಾಮ್ರದ ಸಲ್ಫೈಡಿಗೆ ಅಂಟಿಕೊಂಡಿದ್ದರೆ ನೊರೆ ತೇಲಿಸುವ ವಿಧಾನದಲ್ಲಿ ಅದರ ಜೊತೆಗೇ ಮೇಲೆ ಬರುತ್ತೆ. ಸಿಲಿಕೇಟ್ ಒಳಗೆ ಹುದುಗಿದ್ದರೆ ಬಹಳ ಸಣ್ಣಗೆ ಅರೆಯಬೇಕು. ಅರೆಯದಿದ್ದರೆ ತ್ಯಾಜ್ಯದ ಜೊತೆ ಹೊರಟುಹೋಗುತ್ತೆ. ಅರೆಯೋಕೆ ವಿದ್ಯುತ್ ಬೇಕು, ತೇಲಿಸೋಕೆ ನೀರು ಬೇಕು, ಉಳಿದ ಪುಡಿ ಸುರಿಯೋಕೆ ಜಾಗ ಬೇಕು. ಅಡಿಕೆ ಬೆಳೆಯುವ, ಕೆರೆ ನಂಬಿದ ಊರಿನಲ್ಲಿ ಈ ಮೂರೂ ಸಣ್ಣ ವಿಷಯ ಅಲ್ಲ.

ಹಾಗಂತ ಲೋಹ ಬೇಡ ಅನ್ನೋಕೂ ಆಗಲ್ಲ. ಪೆಟ್ರೋಲ್ ಕಾರುಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಪಲ್ಲಾಡಿಯಂ ಬೇಕು. ಜಗತ್ತಿನ ಬಹುಪಾಲು ಉತ್ಪಾದನೆ ರಷ್ಯಾ, ದಕ್ಷಿಣ ಆಫ್ರಿಕಾ ಎರಡೇ ದೇಶಗಳಲ್ಲಿದೆ. 2023ರಲ್ಲಿ ಕೇಂದ್ರ ಗಣಿ ಸಚಿವಾಲಯ ಪಟ್ಟಿ ಮಾಡಿದ 30 ನಿರ್ಣಾಯಕ ಖನಿಜಗಳಲ್ಲಿ ಪ್ಲಾಟಿನಂ ಗುಂಪೂ ಇದೆ. ಆದ್ದರಿಂದ ಪರ-ವಿರೋಧ ಮಾತಾಡೋ ಮೊದಲು ಕೇಳಬೇಕಾದ್ದು ಮೂರು: ಯಾವ ಖನಿಜ, ಎಷ್ಟು ದೊಡ್ಡ ಕಣ, ಯಾವುದರೊಳಗೆ?

ನೀವೇ ಮಾಡಿ ನೋಡಿ: ಪರಮಾಣು ತೂಕ ಪಲ್ಲಾಡಿಯಂ 106.4, ಟೆಲ್ಲುರಿಯಂ 127.6. ಎರಡೂ ಖನಿಜಗಳಲ್ಲಿ ಪಲ್ಲಾಡಿಯಂ ಶೇಕಡಾ ಎಷ್ಟು? ಕೋಟುಲ್ಸ್ಕೈಟ್‌ಗೆ ಸುಮಾರು 45.5, ಮೆರೆನ್‌ಸ್ಕೈಟ್‌ಗೆ ಸುಮಾರು 29.4 ಬಂದರೆ ನಿಮ್ಮ ಲೆಕ್ಕ ಸರಿ.