ಹಿಂದಿನ ಸೀಟನ್ನೂ ಕೇಳಿ ನೋಡಿ

ಪ್ರಶ್ನೆ: ನನಗೆ 47 ವರ್ಷ. ಹುಬ್ಬಳ್ಳಿಯಲ್ಲಿ ನೌಕರಿ. 2013ರಲ್ಲಿ ಕೊಂಡ 350 ಸಿಸಿ ಕ್ರೂಸರ್ ಬೈಕ್ ಇದೆ. ಮಗ ಸಣ್ಣವನಿದ್ದಾಗ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಓಣಿ ಸುತ್ತಿಸಿದ ಗಾಡಿ. ಈಗ ಅವನು ಓದಲು ಬೆಂಗಳೂರಿಗೆ ಹೋಗಿದ್ದಾನೆ. ಹೆಂಡತಿಯ ಜೊತೆ ಕರಾವಳಿ ಹಿಡಿದು ಕನ್ಯಾಕುಮಾರಿಯವರೆಗೆ ಹೋಗಬೇಕೆಂಬುದು ಬಹಳ ದಿನದ ಆಸೆ. ಆದರೆ ಯಲ್ಲಾಪುರ ಮುಟ್ಟುವಷ್ಟರಲ್ಲೇ ಸೊಂಟ ಹಿಡಿದುಕೊಳ್ಳುತ್ತದೆ. ಒಂದು ಟೂರಿಂಗ್ ಬೈಕ್ ನೋಡಿಟ್ಟಿದ್ದೇನೆ. ಗೆಳೆಯರು ‘ಈ ವಯಸ್ಸಿನಲ್ಲಿ ಯಾಕೋ’ ಎಂದು ನಗುತ್ತಾರೆ. ಹೆಂಡತಿ ‘ಅಷ್ಟೆತ್ತರದ ಗಾಡಿ ನಾನು ಹತ್ತೋದಿಲ್ಲ’ ಅಂದುಬಿಟ್ಟಳು. ಹಳೆಯದನ್ನು ಮಾರುವ ಮಾತು ಬಂದರೆ ಗಂಟಲು ಕಟ್ಟುತ್ತದೆ. ಒಂದು ಬೈಕಿಗಾಗಿ ಇಷ್ಟು ಸಂಕಟಪಡುವುದು ಸರಿಯೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸರಿಯೇ ಎಂದು ಕೇಳಿದ್ದೀರಿ. ಸರಿ. ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ಹತ್ತಾರು ವರ್ಷ ಬೆಳಗಾದರೆ ಕೈಗೆ ಸಿಗುತ್ತಿದ್ದ ವಸ್ತುವನ್ನು ಕೊಟ್ಟುಬಿಡುವಾಗ ಮನಸ್ಸು ತಡೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಗಳನ್ನು ಇವತ್ತಿಗೂ ತೊಳೆದು, ಒರೆಸಿ, ಎಲ್ಲಿಂದಲೋ ಬಿಡಿಭಾಗ ಹುಡುಕಿ ತಂದು ಓಡಿಸುವವರಿದ್ದಾರೆ. ಜುಲೈ ತಿಂಗಳ ಎರಡನೇ ಭಾನುವಾರ ಬಂದರೆ ಹೊಗೆ ಬಿಡುತ್ತಾ ಸಾಲಾಗಿ ಹೊರಡುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ದಿನನಿತ್ಯದ ಕೆಲಸಕ್ಕೆ ಬೇರೆ ಗಾಡಿ ಇಟ್ಟುಕೊಂಡಿರುತ್ತಾರೆ. ಯೆಜ್ಡಿ ಮೇಲಿನ ಪ್ರೀತಿ ಅದರಿಂದೇನೂ ಕಡಿಮೆಯಾಗಿಲ್ಲ.

ನಿಮ್ಮ ಗಂಟಲು ಕಟ್ಟುವುದು ಬರೀ ಗಾಡಿಗಾಗಿ ಇರಲಾರದು ಎಂದೂ ನನಗೆ ಅನ್ನಿಸುತ್ತದೆ. ಟ್ಯಾಂಕಿನ ಮೇಲೆ ಕೂತಿದ್ದ ಹುಡುಗ ಹಾಸ್ಟೆಲಿಗೆ ಹೋಗಿದ್ದಾನೆ. ಮನೆ ಖಾಲಿ ಹೊಡೆಯುತ್ತಿರುವ ಹೊತ್ತಿನಲ್ಲೇ ಗಾಡಿಯೂ ಹೋಗಬೇಕು ಎಂದರೆ ಎರಡು ಅಗಲಿಕೆ ಒಟ್ಟಿಗೆ ಬಂದಂತೆ. ಮಕ್ಕಳು ಊರು ಬಿಟ್ಟ ಮೊದಲ ವರ್ಷ ಎಷ್ಟೋ ತಂದೆ ತಾಯಂದಿರು ಇಂಥ ದುಃಖವನ್ನು ಬೇರೆ ಯಾವುದೋ ಹೆಸರಿನಲ್ಲಿ ಅನುಭವಿಸುತ್ತಾರೆ. ಈ ಪುಟ ಓದುತ್ತಿರುವ ಕೆಲವರಿಗಾದರೂ ಅದು ಗೊತ್ತಾಗುತ್ತದೆ. ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದೆ ವಾರಗಟ್ಟಲೆ ಕಳೆದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಈಗ ಸೊಂಟದ ಮಾತು. ‘ವಯಸ್ಸಾಯಿತು’ ಎಂಬ ಗೆಳೆಯರ ಮಾತನ್ನು ನೀವು ಅರ್ಧ ಒಪ್ಪಿಕೊಂಡಂತಿದೆ. ಅಷ್ಟು ಬೇಗ ಒಪ್ಪಬೇಡಿ. ಒಂದು ಕೆಲಸ ಮಾಡಿ: ಕುರ್ಚಿಯ ಮೇಲೆ ಕೂತು ಎರಡೂ ಪಾದ ಮುಂದಕ್ಕೆ ಚಾಚಿ, ಕೈ ಊರದೆ ಏಳಲು ನೋಡಿ. ಆಗುವುದಿಲ್ಲ. ಪಾದಗಳನ್ನು ಮಂಡಿಯ ಕೆಳಗೆ ಎಳೆದುಕೊಂಡರೆ ಮಾತ್ರ ಏಳಬಹುದು. ಕ್ರೂಸರಿನ ಫುಟ್‌ರೆಸ್ಟ್ ಮುಂದಿರುತ್ತದೆ. ಊರೊಳಗೆ ಅದೇ ಸುಖ. ಅರಬೈಲು ಘಾಟಿಯ ತಿರುವಿನಲ್ಲಿ ಗುಂಡಿ ಕಂಡಾಗ ಮಾತ್ರ ನೀವು ಸೀಟಿನಿಂದ ಒಂದಂಗುಲವೂ ಮೇಲೇಳಲಾರಿರಿ. ಹಿಂದಿನ ಶಾಕ್ ಅಬ್ಸಾರ್ಬರಿಗೆ ಕುಗ್ಗುವ ಜಾಗವೂ ಕಡಿಮೆ. ಉಳಿದ ಏಟೆಲ್ಲ ನೇರವಾಗಿ ಬಾಲಮೂಳೆಗೆ, ಅಲ್ಲಿಂದ ಬೆನ್ನಿಗೆ. ಇಪ್ಪತ್ತೈದರ ಹುಡುಗನನ್ನು ಕೂರಿಸಿ ದಿನವಿಡೀ ಓಡಿಸಿದರೂ ಸಂಜೆಗೆ ಅವನೂ ಸೊಂಟ ಹಿಡಿದುಕೊಂಡೇ ಇಳಿಯುತ್ತಾನೆ. ಅಮೆರಿಕದ ಉದ್ದುದ್ದ ನೇರ ರಸ್ತೆಗಳಿಗೆಂದು ಬೆಳೆದ ಆಕಾರ ಅದು. ಟೂರಿಂಗ್ ಬೈಕಿನಲ್ಲಿ ಪಾದ ಹೆಚ್ಚುಕಡಿಮೆ ಮಂಡಿಯ ಕೆಳಗೇ ಬರುತ್ತದೆ. ಗುಂಡಿ ಬಂದರೆ ಕಾಲ ಮೇಲೆ ಭಾರ ಹಾಕಿ ಎದ್ದು ನಿಲ್ಲಬಹುದು. ಇಷ್ಟಕ್ಕೇ ಬೆನ್ನಿನ ಅರ್ಧ ಕಷ್ಟ ಇಳಿಯುತ್ತದೆ.

ಹಾಗಂತ ನೋವನ್ನು ಗಾಡಿಯ ಲೆಕ್ಕಕ್ಕೇ ಬರೆದುಬಿಡುವುದೂ ಬೇಡ. ಗಾಡಿ ಕೊಳ್ಳುವ ಮುಂಚೆ ಮೂಳೆ ವೈದ್ಯರಿಗೆ ಅಥವಾ ಫಿಸಿಯೋಥೆರಪಿಸ್ಟ್‌ಗೆ ಒಮ್ಮೆ ತೋರಿಸಿ. ಸೊಂಟದಿಂದ ಕಾಲಿನವರೆಗೆ ಜುಮುಜುಮು ಇಳಿಯುತ್ತಿದ್ದರೆ ತಡ ಮಾಡಬೇಡಿ. ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಬೇರೆಯೇ ಒಂದು ಸಾಲು. ಹೆಂಡತಿ ಹೇಳಿದ್ದನ್ನು ಗೆಳೆಯರ ನಗುವಿನ ಪಕ್ಕದಲ್ಲೇ ಬರೆದು ಮುಂದೆ ಹೋಗಿದ್ದೀರಿ, ಅದೂ ಇನ್ನೊಂದು ತಕರಾರು ಎಂಬಂತೆ. ಆದರೆ ಕನ್ಯಾಕುಮಾರಿಗೆ ಹೋಗುವವರು ನೀವಿಬ್ಬರು. ಗೆಳೆಯರು ಬೇಕಾದರೆ ನಗಲಿ, ಅವರು ಆ ಸೀಟಿನ ಮೇಲೆ ಕೂರುವುದಿಲ್ಲ.

ನಿಮ್ಮ ಹೆಂಡತಿ ಹೇಳಿದ್ದು ನಿಜಕ್ಕೂ ಎತ್ತರದ ಮಾತೇ ಇರಬಹುದು. ರಾಯಲ್ ಎನ್‌ಫೀಲ್ಡ್ ಕಂಪನಿಯ ಎರಡು ಗಾಡಿಗಳನ್ನೇ ತೆಗೆದುಕೊಳ್ಳಿ: ಕ್ರೂಸರ್ ಆದ ಮೀಟಿಯೋರ್ 350ರಲ್ಲಿ ಸವಾರನ ಸೀಟು ನೆಲದಿಂದ 765 ಮಿಲಿಮೀಟರ್, ದೂರದ ದಾರಿಗೆಂದೇ 2023ರಲ್ಲಿ ಬಂದ ಹಿಮಾಲಯನ್ 450ರಲ್ಲಿ 825. ಮುಂದಿನ ಸೀಟಿಗೇ ಆರು ಸೆಂಟಿಮೀಟರ್ ವ್ಯತ್ಯಾಸ. ಹಿಂದಿನ ಸೀಟು ಅದಕ್ಕೂ ಮೇಲೆ. ಸೀರೆ ಉಟ್ಟವರಿಗೆ, ಮಂಡಿನೋವಿದ್ದವರಿಗೆ ಇದು ಸಣ್ಣ ವಿಷಯವಲ್ಲ. ಜೊತೆಗೆ ಇನ್ನೊಂದಿದೆ. ಅವರು ಹತ್ತುವಾಗ ನಿಮ್ಮ ಎರಡೂ ಪಾದ ನೆಲಕ್ಕೆ ಪೂರ್ತಿ ಊರಿರುವುದು ಅವರ ಧೈರ್ಯ. ಎತ್ತರದ ಗಾಡಿಯಲ್ಲಿ ನಿಮ್ಮ ಬೆರಳ ತುದಿ ಮಾತ್ರ ತಾಗಿದರೆ ಆ ಅಲುಗಾಟ ಮೊದಲು ತಿಳಿಯುವುದು ಹಿಂದಿನವರಿಗೇ.

ಅಥವಾ ಅವರ ಭಯ ಬೇರೆಯೇ ಇರಬಹುದು. ಹೆದ್ದಾರಿಯ ಲಾರಿಗಳ ಭಯ, ಸಾಲದ ಕಂತಿನ ಚಿಂತೆ, ಅಥವಾ ಎತ್ತರದ ಗಾಡಿ ಬಂದ ಮೇಲೆ ಇವರು ಒಬ್ಬರೇ ಊರೂರು ಸುತ್ತುತ್ತಾರೆ, ತಾನು ಮನೆಯಲ್ಲೇ ಎಂಬ ಅನುಮಾನ. ಇವೆಲ್ಲ ನನ್ನ ಊಹೆ. ಮನೆಯೊಳಗೇ ಇರುವವರನ್ನು ಬಿಟ್ಟು ಪತ್ರಿಕೆಯವರನ್ನು ಕೇಳಿದರೆ ಊಹೆಯೇ ಸಿಗುವುದು! ಅವರನ್ನೇ ಕೇಳಿ. ‘ಯಾಕೆ ಹತ್ತೋದಿಲ್ಲ’ ಎಂದರೆ ಜಗಳದ ಧ್ವನಿ ಬರುತ್ತದೆ. ‘ನಮ್ಮ ಗಾಡಿಯಲ್ಲಿ ಹಿಂದೆ ಕೂತಾಗ ನಿನಗೆ ಎಲ್ಲಿ ನೋವಾಗುತ್ತೆ?’ ಎಂದು ಕೇಳಿದರೆ ಮಾತು ತಾನಾಗಿ ಮುಂದುವರಿಯುತ್ತದೆ. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಅವರಿಗೆ ಕೇಳದೇ ಇರುವ ಸಾಧ್ಯತೆ ಹೆಚ್ಚು.

ಆಮೇಲೆ ಇಬ್ಬರೂ ಹೆಲ್ಮೆಟ್ ಹಿಡಿದುಕೊಂಡು ಶೋರೂಮಿಗೆ ಹೋಗಿ. ಬರೀ ಬೀದಿ ಕೊನೆಯವರೆಗೆ ಓಡಿಸಿ ಬರುವ ಟೆಸ್ಟ್ ರೈಡ್ ಸಾಲದು. ಅವರನ್ನು ಹಿಂದೆ ಕೂರಿಸಿಕೊಂಡು ಅರ್ಧ ಗಂಟೆಯಾದರೂ ಓಡಿಸಿ, ರೋಡ್ ಹಂಪ್ ದಾಟಿ, ಇಳಿಜಾರಿನಲ್ಲಿ ನಿಲ್ಲಿಸಿ. ಹತ್ತುವಾಗ ನೀವು ಬ್ರೇಕ್ ಹಿಡಿದು ಗಟ್ಟಿಯಾಗಿ ನಿಂತಿರಿ, ಅವರು ನಿಮ್ಮ ಭುಜ ಹಿಡಿದು ಎಡಗಾಲು ಫುಟ್‌ರೆಸ್ಟ್ ಮೇಲಿಟ್ಟು ಕಾಲು ದಾಟಿಸಲಿ. ನಾಲ್ಕೈದು ಸಲ ಮಾಡಿದರೆ ಕಷ್ಟವೋ ಅಭ್ಯಾಸವೋ ಗೊತ್ತಾಗುತ್ತದೆ. ಕಷ್ಟವೇ ಎಂದಾದರೆ ಸೀಟು ಇನ್ನೂ ತಗ್ಗಿರುವ, ತೂಕ ಕಡಿಮೆಯ ಗಾಡಿ ನೋಡಿ. ಮಗನನ್ನು ನೋಡಲು ಬೆಂಗಳೂರಿಗೆ ಹೋದಾಗ ಅಲ್ಲಿ ಇಂಥ ಬೈಕುಗಳು ದಿನದ ಬಾಡಿಗೆಗೆ ಸಿಗುತ್ತವೆ. ಒಂದು ಭಾನುವಾರ ಓಡಿಸಿ ನೋಡುವುದು, ಲಕ್ಷಗಟ್ಟಲೆ ಕೊಟ್ಟು ಕೊರಗುವುದಕ್ಕಿಂತ ಅಗ್ಗ.

ಅದಕ್ಕೂ ಮುಂಚೆ, ಇರುವ ಗಾಡಿಯ ಹಿಂದಿನ ಸ್ಪ್ರಿಂಗ್ ಬಿಗಿತವನ್ನು ಇಬ್ಬರ ತೂಕಕ್ಕೆ ಸರಿಯಾಗಿ ಮೆಕ್ಯಾನಿಕ್ ಕೈಯಲ್ಲಿ ಹೊಂದಿಸಿಕೊಳ್ಳಿ. ತಗ್ಗಿದ ಸೀಟಿನ ಫೋಮ್ ಬದಲಾಯಿಸಿ. ಕಲಘಟಗಿಯಲ್ಲಿ ಒಂದು ಚಹಾ, ಯಲ್ಲಾಪುರದಲ್ಲಿ ಊಟ ಎಂದು ನಿಲ್ಲುತ್ತಾ ಅಂಕೋಲೆಯವರೆಗೆ ಹೋಗಿ ಬನ್ನಿ. ಅಷ್ಟರಲ್ಲೇ ನೋವು ತಗ್ಗಿದರೆ ಹೊಸದರ ಅವಸರವೂ ತಗ್ಗಬಹುದು. ತಗ್ಗದಿದ್ದರೆ ಹೊಸದನ್ನು ನಿರಾಳವಾಗಿ ಕೊಳ್ಳಿ. ಅಂಕೋಲೆಯಿಂದ ಕನ್ಯಾಕುಮಾರಿಯವರೆಗೆ ಮುಂದೆ ರಾಷ್ಟ್ರೀಯ ಹೆದ್ದಾರಿ 66 ಒಂದೇ ದಾರಿ. ಮಳೆಗಾಲ ಮುಗಿದ ಮೇಲೆ ಹೊರಡಿ.

ಇನ್ನು ಮಾರುವ ವಿಚಾರ. ಹೊಸದು ಕೊಳ್ಳುವುದಕ್ಕೂ ಹಳೆಯದನ್ನು ಮಾರುವುದಕ್ಕೂ ನೀವೇ ಗಂಟು ಹಾಕಿದ್ದೀರಿ. ಹಣ ತೀರಾ ಬಿಗಿಯಿಲ್ಲದಿದ್ದರೆ ಆ ಗಂಟು ಬಿಚ್ಚಿ. ಖಾಸಗಿ ವಾಹನದ ನೋಂದಣಿ 15 ವರ್ಷದ್ದು, ನಿಮ್ಮದಕ್ಕೆ 2028ರವರೆಗೆ ಊರ್ಜಿತ. ಆಗ ಆರ್‌ಟಿಒಗೆ ಒಯ್ದು ತೋರಿಸಿ ನವೀಕರಿಸಬೇಕಾಗುತ್ತದೆ. ಇಟ್ಟುಕೊಳ್ಳಬೇಕೋ ಕೊಡಬೇಕೋ ಎಂದು ಆ ಹೊತ್ತಿಗೆ ಯೋಚಿಸಿದರಾಯಿತು. ಅಲ್ಲಿಯವರೆಗೆ ಸಂತೆಗೆ, ಆಫೀಸಿಗೆ ಅದೇ ಇರಲಿ. ವಾರಕ್ಕೊಮ್ಮೆಯಾದರೂ ಓಡಿಸಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ. ಮಗನಿಗೆ ಲೈಸೆನ್ಸ್ ಆಗಿದ್ದರೆ ರಜೆಗೆ ಬಂದಾಗ ಕೀಲಿ ಅವನ ಕೈಗೆ ಕೊಡಿ, ಪೆಟ್ರೋಲ್ ಮಾತ್ರ ಅವನೇ ಹಾಕಿಸಲಿ.