ಕಿಟ್ ತಲುಪಿದರೆ ಸಾಲದು, ಪುಟ್ಟಿ

ಚಿ. ಪುಟ್ಟಿಗೆ ಸಿಡ್ನಿಯಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮೆಲ್ಬೋರ್ನಿನ ಕನ್ನಡದವರಿಗೆ ಆರೋಗ್ಯದ ವಿಷಯ ತಿಳಿಸಿಕೊಡುವ ತರಬೇತಿಗೆ ನೀನು ಸೇರಿದ್ದೀಯೆಂದು ನಿಮ್ಮಪ್ಪ ಹೇಳಿದ. ತುಂಬಾ ಸಂತೋಷವಾಯಿತು ಕಣೆ. ಕರುಳಿನ ಕ್ಯಾನ್ಸರಿನ ತಪಾಸಣೆ ನಿನ್ನ ಪಾಲಿಗೆ ಬಂದಿದೆಯಂತೆ. ‘ಕನ್ನಡದಲ್ಲಿ ಒಂದು ಚೆಂದದ ಪೋಸ್ಟರ್ ಮಾಡಿಬಿಟ್ಟರೆ ಆಯ್ತು ಅತ್ತೆ’ ಎಂದು ಮೆಸೇಜ್ ಕಳಿಸಿದ್ದೆಯಲ್ಲ, ಅದಕ್ಕೇ ಈ ಪತ್ರ. ಪೋಸ್ಟರ್ ಮಾಡು, ಆದರೆ ಅಲ್ಲಿಗೇ ನಿಲ್ಲಬೇಡ.

1981ರಲ್ಲಿ ನಿಮ್ಮ ವಿಕ್ಟೋರಿಯಾದ ಕ್ಯಾನ್ಸರ್ ಸಂಸ್ಥೆ ಸಿಡ್ ಎಂಬ ಕಡಲಹಕ್ಕಿಯ ಬಾಯಲ್ಲಿ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಹಾಡಿಸಿತು. ಚರ್ಮದ ಕ್ಯಾನ್ಸರ್ ಬಾರದಂತೆ ಅಂಗಿ ತೊಡಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ ಎನ್ನುವುದು ಅದರ ಸಾರ. ಹಾಡು ದೇಶಕ್ಕೆಲ್ಲ ಬಾಯಿಪಾಠವಾಯಿತು. ಅವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. 1988ರಲ್ಲಿ ಸನ್‌ಸ್ಮಾರ್ಟ್ ಕಾರ್ಯಕ್ರಮ ಶುರುಮಾಡಿದರು. ಶಾಲೆಗಳಲ್ಲಿ ನೆರಳಿನ ವ್ಯವಸ್ಥೆಯಾಯಿತು, ಟೋಪಿಯಿಲ್ಲದ ಮಗುವಿಗೆ ಬಿಸಿಲಲ್ಲಿ ಆಟವಿಲ್ಲ ಎಂಬ ನಿಯಮ ಬಂತು. 2014 ಮುಗಿಯುವಷ್ಟರಲ್ಲಿ ಹಣ ತೆತ್ತು ಮೈ ಕಂದು ಮಾಡಿಸಿಕೊಳ್ಳುವ ಸೋಲಾರಿಯಂ ಅಂಗಡಿಗಳನ್ನು ನಿಮ್ಮ ರಾಜ್ಯವೂ ನಮ್ಮ ರಾಜ್ಯವೂ ಮುಚ್ಚಿಸಿದವು. ಹಾಡಿನ ಹಿಂದೆ ಶಾಲೆಯ ಟೀಚರುಗಳು ದಿನದಿನವೂ ನಿಂತಿದ್ದರಿಂದಲೇ ಮಕ್ಕಳ ತಲೆಗೆ ಟೋಪಿ ಬಂತೆಂದು ನಾನು ನಂಬಿದ್ದೇನೆ.

ಈಗ ನಿನ್ನ ಕೆಲಸಕ್ಕೆ ಬರೋಣ. 2006ರಿಂದ ಸರ್ಕಾರ ಈ ತಪಾಸಣೆಯ ಕಿಟ್ಟನ್ನು ಅಂಚೆಯಲ್ಲಿ ಕಳಿಸುತ್ತಿದೆ. ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಇರುವ 50ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಬರುತ್ತದೆ. 2024ರ ಜುಲೈನಿಂದ 45 ದಾಟಿದವರೂ ಕೇಳಿ ತರಿಸಿಕೊಳ್ಳಬಹುದು. ಬೇಗ ಪತ್ತೆಯಾದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಫಲಿಸುವ ಕಾಯಿಲೆ ಇದು. ಹಾಗಿದ್ದೂ ಕಿಟ್ ಬಂದವರಲ್ಲಿ ಮಾಡಿ ಕಳಿಸುವವರು ಹತ್ತರಲ್ಲಿ ನಾಲ್ಕು ಮಂದಿ ಮಾತ್ರ. ಮನೆಯಲ್ಲಿ ಇಂಗ್ಲಿಷ್ ಆಡದವರಲ್ಲಿ ಇನ್ನೂ ಕಡಿಮೆ.

ಯಾಕೆ ಮಾಡುವುದಿಲ್ಲ? ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್ ಕಡೆಯ ನನ್ನ ಓರಗೆಯವರ ಜೊತೆ ಮಾತಾಡಿ ಗೊತ್ತು. ‘ನಾವು ಮಾಂಸ ಮುಟ್ಟದವರು, ನಮಗೆಲ್ಲಿಂದ ಬರುತ್ತೆ?’ ಅನ್ನುತ್ತಾರೆ. ಸಸ್ಯಾಹಾರಿಗಳಿಗೂ ಬರುತ್ತದೆ. ‘ನನಗೇನೂ ತೊಂದರೆಯಿಲ್ಲವಲ್ಲ’ ಅನ್ನುತ್ತಾರೆ. ತೊಂದರೆ ಕಾಣಿಸದವರಿಗಾಗಿಯೇ ಇರುವ ಪರೀಕ್ಷೆ ಇದು. ಮಲದಲ್ಲಿರುವ, ಕಣ್ಣಿಗೆ ಕಾಣದ ರಕ್ತವನ್ನು ಅದು ಹುಡುಕುತ್ತದೆ. ಇನ್ನು, ಎರಡು ಬೇರೆ ಬೇರೆ ಸಲದ ಸ್ಯಾಂಪಲ್ ತೆಗೆದು ಅಂಚೆಗೆ ಹಾಕುವತನಕ ಫ್ರಿಜ್ಜಿನಂಥ ತಂಪು ಜಾಗದಲ್ಲಿಡಿ ಎಂದು ಕಿಟ್ಟಿನಲ್ಲಿ ಬರೆದಿದೆ. ದೇವರ ನೈವೇದ್ಯದ ಹಾಲಿಡುವ ಫ್ರಿಜ್ಜಿನಲ್ಲಿ ಅದನ್ನಿಡುವುದೇ! ಮಡಿ ಮೈಲಿಗೆ ನೋಡುವ ಮನೆಯಲ್ಲಿ ಕಿಟ್ ಕಪಾಟು ಸೇರುವುದು ಇಲ್ಲಿಯೇ. ಇದನ್ನು ಯಾವ ಪೋಸ್ಟರೂ ಬಗೆಹರಿಸದು. ಎದುರು ಕೂತ ನೀನು, ಗಟ್ಟಿಯಾಗಿ ಮುಚ್ಚಿದ ಕೊಳವೆಯನ್ನು ಚೀಲಕ್ಕೆ ಹಾಕಿ, ಅದನ್ನು ಮುಚ್ಚಳದ ಬೇರೆ ಡಬ್ಬಿಯಲ್ಲಿಟ್ಟರೆ ಏನೂ ಸೋಂಕುವುದಿಲ್ಲ ಎಂದು ಕೈಯಲ್ಲೇ ತೋರಿಸಬೇಕು. ಅವರ ಸಂಕೋಚವನ್ನು ಅಜ್ಞಾನವೆಂದು ಯಾವತ್ತೂ ತಿಳಿಯಬೇಡ ಮಗಳೇ. ಅದು ಅವರು ಬೆಳೆದು ಬಂದ ಶಿಸ್ತು.

ಇದಕ್ಕೆ ತರಬೇತಿ ಬೇಕೇ ಬೇಕು. ನಮ್ಮ ಬಳ್ಳಾರಿಯನ್ನು ನೆನೆಸಿಕೋ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ದೆವ್ವ ಹಿಡಿದಿದೆ ಎನ್ನುತ್ತಿದ್ದ ಮನೆಗಳಿಗೆ ಹೋಗಿ ಮಾತಾಡುವವರು ಪರಿಚಿತ ಮುಖದವರೇ ಆಗಿರಬೇಕು, ಜೊತೆಗೆ ಕಲಿತವರೂ ಆಗಿರಬೇಕು. ಕಲಿಸಿಬಿಟ್ಟು ಕೈತೊಳೆದುಕೊಳ್ಳದೆ ಆಮೇಲೂ ಬೆನ್ನಿಗೆ ನಿಂತರು, ಔಷಧಿ ಹತ್ತಿರದಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು.

ನಿನ್ನ ತರಬೇತಿಯಲ್ಲಿ ಮೊದಲು ಕೇಳಿಸಿಕೊಳ್ಳುವುದನ್ನು ಕಲಿ. ಹೇಳಿ ಮುಗಿಸಿದ ಮೇಲೆ ‘ಗೊತ್ತಾಯ್ತಾ?’ ಎನ್ನಬೇಡ, ನಮ್ಮವರು ಮರ್ಯಾದೆಗಾದರೂ ಹೂಂ ಅನ್ನುತ್ತಾರೆ. ‘ಮನೆಗೆ ಹೋಗಿ ಹೇಗೆ ಮಾಡ್ತೀರಿ, ಹೇಳಿ ನೋಡೋಣ ಆಂಟಿ’ ಎಂದು ಅವರ ಬಾಯಲ್ಲೇ ಹೇಳಿಸು. ಗೊತ್ತಿಲ್ಲದ್ದನ್ನು ಡಾಕ್ಟರಿಗೆ ಬಿಡು. ರಕ್ತ ಕಾಣಿಸಿಕೊಂಡವರು ಕಿಟ್ಟಿಗೆ ಕಾಯದೆ ನೇರ ಡಾಕ್ಟರ ಬಳಿ ಹೋಗಬೇಕು, ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ, ಮುಂದೆ ಕೊಲನೋಸ್ಕೊಪಿ ಮಾಡಿ ನೋಡುತ್ತಾರೆ ಎಂಬುದಿಷ್ಟನ್ನು ಮಾತ್ರ ತಪ್ಪದೆ ತಿಳಿಸು. ಮಗನ ಜೊತೆ ಇರಲು ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರಿಗೆ ಈ ಕಿಟ್ ಬರುವುದಿಲ್ಲ. ಅವರ ಮುಂದೆ ಆಸೆ ಹುಟ್ಟಿಸುವ ಮಾತಾಡಬೇಡ. ಊರಿಗೆ ಮರಳಿದಾಗ ಅಲ್ಲಿನ ಡಾಕ್ಟರನ್ನು ಕೇಳಲು ಹೇಳು.

ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಗಳಲ್ಲಿ ಮೈಕ್ ಸಿಕ್ಕರೆ ಐದು ನಿಮಿಷ ಸಾಕು. ಉಳಿದ ಹೊತ್ತು ಊಟದ ಪಂಕ್ತಿಯಲ್ಲಿ ಹೆಂಗಸರ ಪಕ್ಕ ಕೂತುಕೋ. ಗಂಡಸರಿಗೆ ಹೇಳಲು ಅವರ ವಯಸ್ಸಿನ ಒಬ್ಬರನ್ನು ಜೊತೆಗೆ ಕರೆದುಕೋ. ನಿನ್ನ ಎದುರು ಅವರು ಬಾಯಿಬಿಡುವುದಿಲ್ಲ.

ನಿಮ್ಮಪ್ಪನಿಗೆ ಐವತ್ತು ದಾಟಿ ಎಷ್ಟೋ ವರ್ಷವಾಯಿತು. ಅವನ ಕಿಟ್ ಎಲ್ಲಿಟ್ಟಿದ್ದಾನೆಂದು ಈ ವಾರವೇ ಕೇಳು. ತಾರೀಕು ಮೀರಿದ್ದರೆ ಹೊಸದನ್ನು ತರಿಸಿಕೊಳ್ಳಲು ಹೇಳು.

ಇಂತಿ ನಿನ್ನ ಪ್ರೀತಿಯ,
ಅತ್ತೆ