ಯೋಗವಿದ್ದ ಮೇಲೆ ಪಿಲಾಟೀಸ್ ಯಾಕೆ?

ಪ್ರಶ್ನೆ: ನನಗೀಗ ನಲವತ್ತೆಂಟು. ಆಫೀಸಿನಲ್ಲಿ ಇಡೀ ದಿನ ಕೂತು ಸೊಂಟ ಹಿಡಿದುಕೊಳ್ಳುತ್ತದೆ. ಎಷ್ಟೋ ವರ್ಷದಿಂದ ಬೆಳಿಗ್ಗೆ ಯೋಗ ಮಾಡುತ್ತೇನೆ. ಮಗಳು ಪಿಲಾಟೀಸ್‌ಗೂ ಸೇರು ಎನ್ನುತ್ತಾಳೆ. ನಮ್ಮ ಯಜಮಾನರು, ‘ಅದೂ ಯೋಗವೇ, ದುಡ್ಡು ದಂಡ’ ಅಂತಾರೆ. ಎರಡನ್ನೂ ಮಾಡಿದರೆ ಲಾಭವಿದೆಯೇ?
— ಓದುಗರೊಬ್ಬರು, ಕೋಪರಖೈರಣೆ

ಉತ್ತರ: ಯಜಮಾನರ ಮಾತು ಅರ್ಧ ಸರಿ. ಪಿಲಾಟೀಸ್‌ನ ‘ಸ್ವಾನ್’ ನೋಡಿದರೆ ಭುಜಂಗಾಸನ ನೆನಪಾಗುತ್ತದೆ, ‘ರೋಲ್ ಓವರ್’ ಹಲಾಸನದ ಹಾಗಿದೆ, ‘ಟೀಸರ್’ ಅಂತೂ ನೌಕಾಸನದ ತಮ್ಮನೇ. ಆದರೆ ಮನೆತನ ಬೇರೆ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೀಸ್ ಬಾಲ್ಯದಲ್ಲಿ ರೋಗಿಷ್ಟ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಸೆರೆಶಿಬಿರದಲ್ಲಿದ್ದಾಗ ತನ್ನ ವ್ಯಾಯಾಮ ಕ್ರಮವನ್ನು ಬೆಳೆಸಿ, ಮುಂದೆ ನ್ಯೂಯಾರ್ಕಿನಲ್ಲಿ ಕಲಿಸತೊಡಗಿದ. ಅತ್ತ ಆತ ಕಲಿಸುತ್ತಿದ್ದ ಕಾಲದಲ್ಲೇ ಇತ್ತ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, 1937ರಲ್ಲಿ ಪುಣೆಗೆ ಬಂದು ನೆಲೆಸಿದರು. ನಿಮ್ಮ ಕ್ಲಾಸಿನಲ್ಲಿ ಬೆಲ್ಟು, ಮರದ ಇಟ್ಟಿಗೆ ಬಳಸುತ್ತಿದ್ದರೆ ಅದು ಅವರ ಬಳುವಳಿ.

ಲಾಭದ ವಿಷಯ. ಯೋಗದಲ್ಲಿ ಆಸನಕ್ಕೆ ಹೋಗಿ ನಿಲ್ಲುತ್ತೀರಿ. ಪಿಲಾಟೀಸ್ ನಿಲ್ಲಗೊಡುವುದಿಲ್ಲ, ಕೈಕಾಲು ಆಡುತ್ತಲೇ ಇರಬೇಕು, ಎಷ್ಟೋ ವ್ಯಾಯಾಮಗಳಲ್ಲಿ ನಡು ಮಾತ್ರ ಅಲುಗಬಾರದು. ಇಷ್ಟು ವರ್ಷದ ಯೋಗದಿಂದ ನಿಮಗೆ ಬಗ್ಗುವುದು ಬಂದಿರುತ್ತದೆ. ಬಗ್ಗುವ ಮೈಯನ್ನು ಹಿಡಿದಿಡುವ ಬಲ ಬಂದಿದೆಯೇ? ಅಂಗಾತ ಮಲಗಿ, ಎರಡೂ ಮೊಣಕಾಲು ಮಡಚಿ ಮೇಲೆತ್ತಿ, ಒಂದು ಪಾದವನ್ನು ನಿಧಾನ ನೆಲಕ್ಕೆ ತನ್ನಿ. ಆಗ ಸೊಂಟ ಕಮಾನಾಗಿ ನೆಲಬಿಟ್ಟು ಎದ್ದರೆ, ಮಗಳು ಹೇಳಿದ್ದು ಸರಿ. ದಿನವಿಡೀ ಕುರ್ಚಿಯಲ್ಲಿ ಕೂತವರಿಗೆ ಬೇಕಾದದ್ದು ಇನ್ನಷ್ಟು ಬಗ್ಗುವುದಲ್ಲ, ಈ ಹಿಡಿತ. ಪಿಲಾಟೀಸ್‌ನಲ್ಲಿ ಇಲ್ಲದ್ದು ಯೋಗದಲ್ಲಿದೆ: ಪ್ರಾಣಾಯಾಮ, ಶವಾಸನ, ಒಂಟಿಕಾಲಿನ ವೃಕ್ಷಾಸನ. ಹಾಗಾಗಿ ಯೋಗ ಬಿಡಬೇಡಿ. ವಾರದಲ್ಲಿ ಎರಡು ದಿನ ಅದರ ಜಾಗದಲ್ಲಿ ಪಿಲಾಟೀಸ್ ಮಾಡಿ, ಕೊನೆಗೆ ಶವಾಸನ ಹಾಕಿ.

ಉಸಿರನ್ನು ಮಾತ್ರ ಬೆರೆಸಬೇಡಿ. ಪಿಲಾಟೀಸ್‌ನಲ್ಲಿ ಮೂಗಿನಿಂದ ಎಳೆದು ಪಕ್ಕೆಲುಬು ಅಗಲಿಸಿ, ಹೊಟ್ಟೆ ಒಳಗೆಳೆದುಕೊಂಡು ಬಾಯಿಂದ ಬಿಡುತ್ತಾರೆ. ‘ಹಂಡ್ರೆಡ್’ ಎಂಬುದರಲ್ಲಿ ಐದೆಣಿಕೆ ಒಳಗೆ, ಐದೆಣಿಕೆ ಹೊರಗೆ, ಹೀಗೆ ಹತ್ತು ಸಲ. ಆ ಅಭ್ಯಾಸವನ್ನು ಪ್ರಾಣಾಯಾಮಕ್ಕೆ ತಂದರೆ ಎರಡೂ ಕೆಡುತ್ತವೆ.

ಪಿಲಾಟೀಸ್ ಪವಾಡವೇನಲ್ಲ. ಹಳೆಯ ಸೊಂಟನೋವಿನ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕೊಕ್ರೇನ್ ಪರಾಮರ್ಶೆ ಕಂಡದ್ದು ಇಷ್ಟು: ಸುಮ್ಮನಿರುವುದಕ್ಕಿಂತ ಪಿಲಾಟೀಸ್ ಮೇಲು, ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲೆಂದು ಖಚಿತವಿಲ್ಲ. ಸ್ಪ್ರಿಂಗು ಹಾಕಿದ ‘ರಿಫಾರ್ಮರ್’ ಯಂತ್ರಕ್ಕೆ ದುಬಾರಿ ಫೀಸು ಕೊಡಲೇಬೇಕೆಂದೂ ಇಲ್ಲ. ಚಾಪೆಯ ಮೇಲಿನ ಪಿಲಾಟೀಸ್ ಸಾಕು. ಯೋಗ, ಪಿಲಾಟೀಸ್ ಎರಡೂ ನಡಿಗೆಗೆ ಬದಲಿಯಾಗಲಾರವು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ. ನಿಮ್ಮಲ್ಲೇ ನಿಸರ್ಗ ಉದ್ಯಾನವಿದೆಯಲ್ಲ.

ಒಂದು ಎಚ್ಚರಿಕೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಸವೆಯುತ್ತದೆ. ಸವೆದಿದ್ದರೆ ಬೆನ್ನು ದುಂಡಗೆ ಮಾಡಿ ಉರುಳುವ ವ್ಯಾಯಾಮ, ಹಲಾಸನ, ಎರಡೂ ಬೇಡ. ನೋವು ಕಾಲಿಗಿಳಿದರೆ, ಜೋಮು ಹಿಡಿದರೆ ಮೊದಲು ಡಾಕ್ಟರರನ್ನು ಕಾಣಿ. ಸೇರುವ ಮುನ್ನ ಒಂದು ಕ್ಲಾಸಿಗೆ ಹೋಗಿ ನೋಡಿ. ನಿಮ್ಮ ಸೊಂಟದ ವಿಷಯ ಕೇಳದೆ ಮೊದಲ ದಿನವೇ ಹಂಡ್ರೆಡ್ ಮಾಡಿಸುವ ಶಿಕ್ಷಕಿಯಾದರೆ ಬೇರೆ ಕ್ಲಾಸು ಹುಡುಕಿ.